ಸೂಪರ್ ಪವರ್ ಇಲ್ಲದ ಸೂಪರ್ ಹೀರೋಗಳು

ಮೊನ್ನೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಬೆಂಗಳೂರಲ್ಲೇ ಬೆಳೆದ ಅಕ್ಕನ ಮಗನೂ ಬಂದಿದ್ದ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಅವನ ಕೈಯಲ್ಲೊಂದು ಇಂಗ್ಲಿಷ್ ಕಾದಂಬರಿ. ತರಬೇತಿ ಪಡೆಯುತ್ತಿರುವ ಮರಿ ಸೂಪರ್ ಹೀರೋ ಒಬ್ಬನ ಕಥೆಯಂತೆ.

"ನಮ್ಮ ಕಡೆಯೂ ಇಬ್ಬರಿದ್ದರು ಮಾರಾಯ, ಕೋಟಿ ಚೆನ್ನಯ ಅಂತ" ಅಂದೆ.

"ಅವರ ಪವರ್ ಏನು ಮಾಮ?"

ನನ್ನ ಬಾಯಿ ಕಟ್ಟಿತು :)

ಬೆಳ್ತಂಗಡಿಯ ಅಜ್ಜಿ ನನಗೆ ಈ ಕಥೆ ಹೇಳಿದ್ದು ತುಳುವಿನಲ್ಲಿ. ಇವನಿಗೆ ತುಳು ಬಾರದು. ಹಾಗಾಗಿ ಕನ್ನಡದಲ್ಲೇ ಶುರು ಮಾಡಿದೆ. ಪಡುಮಲೆಯ ಬಲ್ಲಾಳನ ಕಾಲಿನ ಗಾಯಕ್ಕೆ ಮದ್ದು ಮಾಡಿ ಬದುಕಿಸಿದವಳು ದೇಯಿ ಬೈದೆತಿ. ಅವಳಿ ಮಕ್ಕಳನ್ನು ಹೆತ್ತು ಅವಳು ತೀರಿಕೊಂಡಳು. ಮಕ್ಕಳನ್ನು ಸಾಕಿದ್ದು ಸಾಯನ ಬೈದ್ಯ. ಹುಡುಗರು ಆಟದಲ್ಲಿ ಬುದ್ಯಂತನ ಮಕ್ಕಳನ್ನು ಸೋಲಿಸಿದರು. ದೊಡ್ಡ ಮನುಷ್ಯನಾದ ಬುದ್ಯಂತ ಬಂದು ಆಟದ ಸಾಮಾನನ್ನೇ ಕಿತ್ತುಕೊಂಡ! ಅನ್ಯಾಯದ ಮೊದಲ ಪಾಠ ಅದು. ಉಳಿದ ಪಾಠ ಗರಡಿಯಲ್ಲಿ... ಸಾಮು, ಆಯುಧ, ಬೆವರು. ಮುಂದೆ ತಾಯಿಗೆ ಕೊಟ್ಟ ಮಾತನ್ನು ಬಲ್ಲಾಳ ಉಳಿಸಲಿಲ್ಲ. ಅದನ್ನು ಕೇಳಿ, ಊರು ಬಿಟ್ಟು, ಕೊನೆಗೆ ಎಣ್ಮೂರಿನಲ್ಲಿ ಪ್ರಾಣ ಬಿಟ್ಟರು.

ಈ ಪಾಡ್ದನದ ಕಥೆಯನ್ನು ಕನ್ನಡ ಮಕ್ಕಳ ಕೈಗೆ ಕೊಟ್ಟವರು ಬಂಟ್ವಾಳದಲ್ಲೇ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. 'ನಾಗರಹಾವೆ' ಬರೆದ ಅದೇ ಪಂಜೆಯವರು! ಮೇಷ್ಟ್ರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಮಕ್ಕಳ ನಡುವೆ ಓಡಾಡಿದವರು. 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1937ರಲ್ಲಿ ತೀರಿಕೊಂಡರು. ರಾಮ, ಅರ್ಜುನರ ಕಥೆ ಬರೆಯಲು ಬಹಳ ಜನ ಇದ್ದರು. ಪಂಜೆಯವರು 'ಕೋಟಿ ಚೆನ್ನಯ' ಬರೆದು ಬಿಲ್ಲವರ ಮನೆಯ ಇಬ್ಬರು ಹುಡುಗರನ್ನು ನಾಯಕರನ್ನಾಗಿ ಮಾಡಿದರು. ತುಳು ಬಾರದ ಮಕ್ಕಳಿಗೂ ಅವರು ಸಿಕ್ಕಿದ್ದು ಹಾಗೆ.

ಕಥೆ ಮುಗಿದಾಗ ಹುಡುಗನ ಪುಸ್ತಕ ಮಡಿಲಲ್ಲಿ ಮುಚ್ಚಿತ್ತು. "ಸತ್ತರಲ್ಲ, ಮತ್ತೆ ಹೀರೋ ಹೇಗೆ?" ಅಂದ.

ಗರಡಿ ಅಂದರೆ ಮೂಲದಲ್ಲಿ ಸಾಮು ಕಲಿಯುವ ಜಾಗ. ತುಳುನಾಡಿನಲ್ಲಿ ಈಗ ಅದು ಕೋಟಿ ಚೆನ್ನಯರನ್ನು ನಂಬಿ ಕೈ ಮುಗಿಯುವ ಗುಡಿ. ಅಲ್ಲಿ ಅವರಿಗೆ ನೇಮ ನಡೆಯುತ್ತದೆ. ಹುಟ್ಟಿನಿಂದ ಬಂದ ಪವರ್ ಇರಲಿಲ್ಲ, ಕಲಿತದ್ದು ಮಾತ್ರ ಇತ್ತು. ಕಲಿತ ಜಾಗವೇ ಗುಡಿಯಾಯಿತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಹತ್ತಿರ ಗರಡಿ ಇದೆಯಾ ಮಾಮ?" ಅಂತ ಕೇಳಿದ.

ವಾಪಸ್ ಬರುವಾಗ ಒಂದು ಕಡೆ ಬಸ್ ಇಳಿದೆವು.

ನಿಮ್ಮೂರಲ್ಲೂ ಇಂಥ ಹುಡುಗರು ಇದ್ದಿರಬೇಕಲ್ಲ? ಇದ್ದರೆ ಬರೆಯಿರಿ... ಮುಂದಿನ ರಜೆಗೆ ನನಗೆ ಕಥೆ ಬೇಕು!