ರಾಸುಗಳ ಶಸ್ತ್ರಚಿಕಿತ್ಸೆಯಲ್ಲಿ ಮಂಪರು ಔಷಧ ಮತ್ತು ಸ್ನಾಯು ಸಡಿಲಕಗಳ ಜೊತೆ ಬಳಕೆ

ಕಾಲಿನ ಮೂಳೆ ಮುರಿತ, ಹೊಕ್ಕುಳ ಹರ್ನಿಯಾ ಮುಂತಾದ ಸಂದರ್ಭಗಳಲ್ಲಿ ರಾಸನ್ನು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಆಗ ಪಶುವೈದ್ಯರು ಮಂಪರು ಬರಿಸುವ ಝೈಲಜೀನ್, ಸ್ನಾಯುಗಳನ್ನು ಸಡಿಲಿಸುವ ಗ್ವೈಫೆನೆಸಿನ್ ಹಾಗೂ ಅರಿವಳಿಕೆ ನೀಡುವ ಕೀಟಮಿನ್ ಔಷಧಗಳನ್ನು ಒಟ್ಟಿಗೆ ಬಳಸುವುದುಂಟು. ಕೀಟಮಿನ್ ಒಂದನ್ನೇ ಕೊಟ್ಟರೆ ಸ್ನಾಯುಗಳು ಬಿಗಿಯುತ್ತವೆ. ಉಳಿದೆರಡು ಆ ಬಿಗಿತವನ್ನು ಇಳಿಸುವುದರಿಂದ ಪ್ರತಿಯೊಂದೂ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತದೆ.

ಅಪಾಯವಿರುವುದೂ ಇಲ್ಲಿಯೇ. ಝೈಲಜೀನ್ ಮಂಪರಿನೊಂದಿಗೆ ಸ್ನಾಯುಗಳನ್ನೂ ಸಡಿಲಿಸುತ್ತದೆ. ಗ್ವೈಫೆನೆಸಿನ್ ಬೆನ್ನುಹುರಿಯ ಮಟ್ಟದಲ್ಲಿ ಅದೇ ಕೆಲಸ ಮಾಡುತ್ತದೆ. ಎರಡರ ಪರಿಣಾಮ ಕೂಡಿಕೊಂಡು ಪ್ರಮಾಣ ಮೀರಿದರೆ ಉಸಿರಾಟ ಕುಂದುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಹಸುಗಳಂತೂ ಝೈಲಜೀನ್‌ಗೆ ಅತಿ ಸೂಕ್ಷ್ಮ. ಕುದುರೆಗೆ ಬೇಕಾಗುವ ಪ್ರಮಾಣದ ಸುಮಾರು ಹತ್ತನೆಯ ಒಂದು ಭಾಗವೇ ಅವುಗಳಿಗೆ ಸಾಕು. ಝೈಲಜೀನ್‌ನ ಪ್ರಭಾವವನ್ನು ಯೋಹಿಂಬಿನ್ ಅಥವಾ ಟೊಲಾಜೊಲಿನ್‌ನಿಂದ ತಗ್ಗಿಸಬಹುದು. ಗ್ವೈಫೆನೆಸಿನ್‌ಗೆ ಅಂತಹ ಪ್ರತ್ಯೌಷಧವಿಲ್ಲ. ಅದು ನೋವನ್ನೂ ಶಮನ ಮಾಡುವುದಿಲ್ಲ. ಆದ್ದರಿಂದ ರಾಸು ಕದಲದೆ ಮಲಗಿದ ಮಾತ್ರಕ್ಕೆ ಅದಕ್ಕೆ ನೋವಿಲ್ಲವೆಂದು ಭಾವಿಸಬಾರದು.

ವೈದ್ಯರು ಬರುವ ಮೊದಲು ಬೇರೆ ಯಾರಾದರೂ ರಾಸಿಗೆ ಮಂಪರಿನ ಚುಚ್ಚುಮದ್ದು ನೀಡಿದ್ದರೆ, ಔಷಧದ ಹೆಸರು ಮತ್ತು ಕೊಟ್ಟ ಸಮಯವನ್ನು ತಪ್ಪದೆ ತಿಳಿಸಿ. ಖಾಲಿ ಸೀಸೆಯಿದ್ದರೆ ತೋರಿಸಿ. ಬೈಯುವರೆಂಬ ಅಳುಕಿನಿಂದ ಇದನ್ನು ಮುಚ್ಚಿಟ್ಟು ರಾಸು ಕಳೆದುಕೊಳ್ಳುವುದು ಬೇಡ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂತಹ ಪ್ರತಿಜೀವಕಗಳು ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ಕುಗ್ಗಿಸಬಲ್ಲವು. ಉಣುಗು ನಿವಾರಣೆಗೆ ಆರ್ಗನೋಫಾಸ್ಫೇಟ್ ಔಷಧ ಸಿಂಪಡಿಸಿದ್ದರೆ ಸಕ್ಸಿನೈಲ್‌ಕೋಲಿನ್ ಎಂಬ ಸಡಿಲಕದ ಪರಿಣಾಮ ಅಪಾಯಕರವಾಗಿ ದೀರ್ಘವಾಗಬಹುದು. ರಾಸುಗಳಲ್ಲಿ ಈ ಸಡಿಲಕದ ಬಳಕೆ ಇಂದು ವಿರಳ. ಆದರೂ ಸಿಂಪಡಣೆಯ ವಿಷಯ ವೈದ್ಯರಿಗೆ ತಿಳಿದಿರಲಿ. ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಝೈಲಜೀನ್ ಗರ್ಭಕೋಶವನ್ನು ಸಂಕುಚಿಸುವುದರಿಂದ ಗರ್ಭಪಾತದ ಸಂಭವವಿದೆ. ಹಸು ಗಬ್ಬವಾದ ದಿನಾಂಕವನ್ನು ಹೇಳಿ.

ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಮುನ್ನ ವಯಸ್ಕ ರಾಸಿಗೆ ಸಾಮಾನ್ಯವಾಗಿ 24 ಗಂಟೆ ಮೇವು, 12 ಗಂಟೆ ನೀರು ಕೊಡುವುದಿಲ್ಲ. ಹಾಲು ಕುಡಿಯುವ ಕರುವನ್ನು ಇಷ್ಟು ಹೊತ್ತು ಉಪವಾಸ ಕೆಡವಬೇಡಿ. ಮಲಗಿದಾಗ ಮೆಲುಕು ಚೀಲದ ದ್ರವ ಬಾಯಿಗೆ ಬಂದು ಶ್ವಾಸನಾಳ ಸೇರಬಹುದು. ಕುತ್ತಿಗೆಯ ಕೆಳಗೆ ಹುಲ್ಲಿನ ಮೂಟೆಯಿಟ್ಟು, ಜೊಲ್ಲು ಹೊರಹರಿಯುವಂತೆ ಮೂತಿಯನ್ನು ತಗ್ಗಿಸಿಡಿ. ಎಚ್ಚರಗೊಳ್ಳುವಾಗ ಎದೆಯ ಮೇಲೆ ಕುಳ್ಳಿರಿಸಿ, ಎಡ ಪಕ್ಕೆಯ ಉಬ್ಬರವನ್ನು ಗಮನಿಸುತ್ತಿರಿ. ನಿಂತು ನಡೆದಾಡುವವರೆಗೆ ನೀರು, ಮೇವು ಇಡಬೇಡಿ. ಹಾಲನ್ನು ಎಂದಿನಿಂದ ಡೇರಿಗೆ ಹಾಕಬಹುದೆಂಬುದನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ.