ಕ್ಯಾಂಪು ಎಂಬ ಊರು

ಕುಶಾಲನಗರದಲ್ಲಿ ಬಸ್ಸಿಳಿದು ಬೈಲಕುಪ್ಪೆಯ ಟಿಬೆಟನ್ನರ ಕಡೆ ಹೋಗಬೇಕೆಂದರೆ ಆಟೋದವರು ಕೇಳುವುದು ಒಂದೇ ಮಾತು: “ಯಾವ ಕ್ಯಾಂಪು ಸಾರ್?” ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದು ನಾವೂ ಹೇಳುತ್ತೇವೆ, ಅವರೂ ಹೇಳುತ್ತಾರೆ. ಬಿಡಾರದ ಹೆಸರೇ ಊರಿನ ಹೆಸರಾಗಿ ನಿಂತದ್ದು ಹೇಗೆ ಎಂದು ನಾನು ಯೋಚಿಸಿದ್ದು ಬಹಳ ತಡವಾಗಿ.

1959ರಲ್ಲಿ ದಲೈ ಲಾಮಾ ಗಡಿ ದಾಟಿ ಬಂದರು. ಹಿಂದೆಯೇ ಸಾವಿರಾರು ಜನ ಬಂದರು. ಭಾರತ ಸರ್ಕಾರ ಅವಸರದಲ್ಲಿ ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾಗಳಲ್ಲಿ ಶಿಬಿರ ತೆರೆಯಿತು. ಹಿಮದ ನಾಡಿನವರಿಗೆ ಅಲ್ಲಿನ ಸೆಕೆ ಒಗ್ಗಲಿಲ್ಲ. ಕಾಯಿಲೆ ಬಿದ್ದು ಎಷ್ಟೋ ಮಂದಿ ತೀರಿಕೊಂಡರು. ಬದುಕಿದವರಲ್ಲಿ ಅನೇಕರು ಹಿಮಾಲಯದ ತಪ್ಪಲಲ್ಲಿ ರಸ್ತೆ ಕೂಲಿಗೆ ನಿಂತರು.

ಇವರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಒದಗಿಸಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಬಂದವರಿಗೆ ಸಿಕ್ಕಿದ್ದು ಮನೆಯಲ್ಲ, ಕಾಡು. ಡೇರೆ, ಬಿದಿರಿನ ಗುಡಿಸಲುಗಳಲ್ಲಿದ್ದು ಮರ ಕಡಿದು, ಸುಟ್ಟು, ಆನೆ ಓಡಿಸುತ್ತ ಮುಸುಕಿನ ಜೋಳ ಬೆಳೆದರು.

ನಮ್ಮ ಹಿರಿಯರು ಆಗ ಗೊಣಗಿದ್ದುಂಟು: ತುಂಡು ನೆಲವಿಲ್ಲದ ನಮ್ಮವರಿಗೆ ಇಲ್ಲದ್ದು ಇವರಿಗೇಕೆ ಎಂದು. ಆ ಮಾತಿನಲ್ಲಿ ನ್ಯಾಯವೇ ಇರಲಿಲ್ಲ ಎನ್ನಲಾರೆ. ಆದರೆ ಸರ್ಕಾರ ಒಂದು ವಿವೇಕದ ಕೆಲಸ ಮಾಡಿತು. ಅವರನ್ನು ದಿಕ್ಕಿಗೊಬ್ಬರಂತೆ ಚದುರಿಸಲಿಲ್ಲ. ಒಟ್ಟಿಗೆ ಕೂರಿಸಿ, ಅವರ ಭಾಷೆ ಕಲಿಸುವ ಶಾಲೆ, ಅವರದೇ ಸಹಕಾರ ಸಂಘಕ್ಕೆ ಎಡೆ ಮಾಡಿಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ಅದೇ ದಾರಿ ಹಿಡಿಯಿತು. ಭಾರತದಲ್ಲಿ ಟಿಬೆಟನ್ನರಿಗೆ ಇಷ್ಟು ನೆಲ ಕೊಟ್ಟ ರಾಜ್ಯ ಇನ್ನೊಂದಿಲ್ಲ.

ಕೊಟ್ಟಿತು ಎನ್ನುವಾಗ ಒಂದು ಮಾತು ಸೇರಿಸಬೇಕು. ಆ ನೆಲ ಗೇಣಿಯದು, ಸ್ವಂತದ್ದಲ್ಲ. 2014ರಲ್ಲಿ ಕೇಂದ್ರ ಸರ್ಕಾರ ತಂದ ಪುನರ್ವಸತಿ ನೀತಿಯೂ ಗೇಣಿಯ ಅವಧಿಯನ್ನು ಭದ್ರಪಡಿಸಲು ಹೊರಟಿತೇ ಹೊರತು ಒಡೆತನ ಕೊಡಲಿಲ್ಲ. ಮೂರನೆಯ ತಲೆಮಾರು ಇಲ್ಲೇ ಹುಟ್ಟಿ, ನಮ್ಮಷ್ಟೇ ಚೆನ್ನಾಗಿ ಕನ್ನಡ ಆಡುತ್ತಿದೆ. ಅವರಲ್ಲಿ ಅನೇಕರು ಈಗ ಹೊರದೇಶದ ದಾರಿ ಹಿಡಿಯುತ್ತಿದ್ದಾರೆ.

ಪರಿಚಯದ ಮುದುಕರೊಬ್ಬರನ್ನು ಒಮ್ಮೆ ಕೇಳಿದೆ: ಇಷ್ಟು ವರ್ಷವಾಯಿತು, ಇನ್ನೂ ಕ್ಯಾಂಪು ಅಂತಲೇ ಯಾಕೆ ಕರೆಯುತ್ತೀರಿ? ಅವರು ಜಪಮಣಿ ತಿರುಗಿಸುತ್ತ ನಕ್ಕರು. ಊರು ಅಂದುಬಿಟ್ಟರೆ ವಾಪಸು ಹೋಗುವ ಆಸೆ ಬಿಟ್ಟ ಹಾಗಲ್ಲವೇ, ಎಂದರು. ಮಾತಾಡುತ್ತ ಕೂತಿದ್ದ ಜಗಲಿಯ ಮುಂದೆ ಅವರೇ ನೆಟ್ಟ ತೆಂಗಿನ ಮರ ಸೂರಿಗಿಂತ ಎತ್ತರ ಬೆಳೆದಿತ್ತು.