ಬದಲಿ ಪರಿಣಾಮ

ಒಂದು ಸರಕು ತುಟ್ಟಿಯಾದಾಗ ಗ್ರಾಹಕರು ಅದನ್ನು ಕಡಿಮೆ ಕೊಂಡು, ಅದೇ ಕೆಲಸಕ್ಕೆ ಒದಗುವ ಬೇರೊಂದು ಸರಕಿನತ್ತ ಹೊರಳುವುದಕ್ಕೆ ಅರ್ಥಶಾಸ್ತ್ರದಲ್ಲಿ ಬದಲಿ ಪರಿಣಾಮ ಎಂದು ಹೆಸರು. ಸರಕು ಅಗ್ಗವಾದಾಗ ಜನ ಅದರ ಕಡೆಗೇ ಬರುವುದೂ ಇದರಲ್ಲಿ ಸೇರುತ್ತದೆ.

2023ರ ಜುಲೈಯಲ್ಲಿ ಕರ್ನಾಟಕದ ಪೇಟೆಗಳಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಬೆಳಗಾವಿಯ ಶಿವಬಸವ ನಗರದಂಥ ಬಡಾವಣೆಯ ಅಡುಗೆಮನೆಗೆ ಇದಕ್ಕೆ ಉತ್ತರ ಗೊತ್ತಿತ್ತು: ಅಡಿಕೆ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿದರೆ ಬೇಳೆಸಾರಿಗೆ ಬೇಕಾದ ಹುಳಿ ಸಿಕ್ಕಿತು. ಪಶ್ಚಿಮ ಘಟ್ಟಕ್ಕೆ ಹತ್ತಿಕೊಂಡ ಖಾನಾಪುರದ ಕಡೆಯಾದರೆ ಮುರುಗಲ ಹಣ್ಣಿನ ಒಣಸಿಪ್ಪೆ, ಮರಾಠಿ ಮನೆಗಳ ಆಮಸೂಲ, ಅದೇ ಕೆಲಸ ಮಾಡುತ್ತದೆ. ಉಳ್ಳಾಗಡ್ಡಿ ತುಟ್ಟಿಯಾದಾಗ ಇಷ್ಟು ಸುಲಭದ ದಾರಿಯಿಲ್ಲ. ಒಗ್ಗರಣೆಗೂ ರೊಟ್ಟಿಯ ಜೊತೆ ಕಡಿಯಲಿಕ್ಕೂ ಅದೇ ಬೇಕು. ಜನ ಎರಡು ಹಾಕುವಲ್ಲಿ ಒಂದು ಹಾಕುತ್ತಾರೆ. ಹಾಗಾಗಿ ಎರಡು ಸರಕುಗಳು ಬದಲಿಯೇ ಎಂದು ಕೇಳುವ ಮೊದಲು ಯಾವ ಅಡುಗೆಗೆ ಎಂದು ಕೇಳಬೇಕು. ಪಠ್ಯಪುಸ್ತಕಗಳ ಚಹಾ–ಕಾಫಿಯ ಉದಾಹರಣೆಯಲ್ಲಿ ಈ ಮಾತು ಸುಲಭವಾಗಿ ಮರೆಯಾಗುತ್ತದೆ.

ಬೆಲೆ ಬದಲಾದಾಗ ಕೈಯಲ್ಲಿರುವ ಹಣದ ಕೊಳ್ಳುವ ಶಕ್ತಿಯೂ ಬದಲಾಗುತ್ತದೆ. ಅದು ಆದಾಯ ಪರಿಣಾಮ. ಈ ಎರಡನ್ನೂ ಗಣಿತದಿಂದ ಬೇರ್ಪಡಿಸಿ ತೋರಿಸಿದವನು ರಷ್ಯಾದ ಯೆವ್ಗೆನಿ ಸ್ಲುಟ್‌ಸ್ಕಿ, 1915ರಲ್ಲಿ. 1934ರಲ್ಲಿ ಜಾನ್ ಹಿಕ್ಸ್ ಮತ್ತು ಆರ್.ಜಿ.ಡಿ. ಆಲೆನ್ ಸ್ವತಂತ್ರವಾಗಿ ಅದೇ ದಾರಿಗೆ ಬಂದರು.

ಈ ಎರಡು ಪರಿಣಾಮಗಳೂ ಒಟ್ಟಿಗೆ ಕೆಲಸ ಮಾಡುವುದನ್ನು ಪಡಿತರದ ಅಕ್ಕಿಯಲ್ಲಿ ನೋಡಬಹುದು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಲ್ಲಿ ಬಡ ಕುಟುಂಬಗಳಿಗೆ ಅಕ್ಕಿ ಕಿಲೋಗೆ 1 ರೂಪಾಯಿಗೆ ಸಿಕ್ಕಿತು. 2015ರ ಮೇಯಿಂದ ಉಚಿತವಾಯಿತು. ಜೋಳದ ದರ ಇದ್ದಲ್ಲೇ ಇದ್ದರೂ ಅಕ್ಕಿಯ ಮುಂದೆ ಅದು ತುಟ್ಟಿಯಾಗಿ ಕಂಡಿತು. ಬೆಳಗಾವಿ ಜಿಲ್ಲೆಯ ಪೂರ್ವದ ಸವದತ್ತಿ, ರಾಮದುರ್ಗದಂಥ ಜೋಳದ ಸೀಮೆಯಲ್ಲಿ ಅನ್ನ ರೊಟ್ಟಿಯ ಪಾಲನ್ನು ಕಡಿಮೆ ಮಾಡುವ ಒತ್ತಡ ಹುಟ್ಟುವುದು ಹೀಗೆ. ಆದರೆ ಅಕ್ಕಿಯಲ್ಲಿ ಉಳಿದ ದುಡ್ಡು ಸಂತೆಯಲ್ಲಿ ಜೋಳಕ್ಕೋ ತರಕಾರಿಗೋ ಹೋಗಬಹುದು. ಅದು ಆದಾಯ ಪರಿಣಾಮದ ಬಾಬತ್ತು. ಖಾನಾಪುರದಲ್ಲಿ ಲೆಕ್ಕವೇ ಬೇರೆ: ಮಳೆ ಹೆಚ್ಚು, ಗದ್ದೆಗಳಲ್ಲಿ ಭತ್ತ, ತಾಟಿನಲ್ಲಿ ಮೊದಲಿನಿಂದಲೂ ಅನ್ನ. ಅಲ್ಲಿ ಪಡಿತರದ ಅಕ್ಕಿ ಪೈಪೋಟಿಗೆ ನಿಲ್ಲುವುದು ಮನೆಯ ಅಕ್ಕಿಯ ಎದುರೇ.